ಫೈಲ್ ಬದಲಾಗಿದೆ, ಡೀಮನ್‌ಗೆ ಗೊತ್ತೇ ಆಗಿಲ್ಲ: ಎಂಟೈಮ್ ತಂದಿಡುವ ತೊಂದರೆ

ಪ್ರಶ್ನೆ: ನಮ್ಮಲ್ಲಿ ಸುಮಾರು 40 ಉಬುಂಟು ಸರ್ವರ್‌ಗಳಿವೆ. ಅವುಗಳಲ್ಲಿ ಆರು ಡಿಎನ್‌ಎಸ್‌ಗೆ ಮೀಸಲು, ಆರರಲ್ಲೂ ಬೈಂಡ್ (ಡಿಎನ್‌ಎಸ್ ಸರ್ವರ್ ತಂತ್ರಾಂಶ) ಪ್ರೈಮರಿಯಾಗಿಯೇ, ಅಂದರೆ ತನ್ನದೇ ಫೈಲ್ ಓದಿ ಉತ್ತರಿಸುವಂತೆ, ಓಡುತ್ತದೆ. ಝೋನ್ ಫೈಲ್‌ಗಳನ್ನೂ (ಒಂದು ಡೊಮೇನ್‌ನ ಡಿಎನ್‌ಎಸ್ ದಾಖಲೆಗಳು) ಬಳಕೆದಾರರ ಕ್ರಾನ್‌ಟ್ಯಾಬ್‌ಗಳನ್ನೂ (ಕ್ರಾನ್ ನಿಗದಿತ ಸಮಯಕ್ಕೆ ಓಡಿಸಬೇಕಾದ ಕೆಲಸಗಳ ಪಟ್ಟಿ) ಒಂದು ಕೇಂದ್ರ ಯಂತ್ರದಲ್ಲಿ ನ್ಯಾನೋ ಎಡಿಟರ್‌ನಿಂದ ತಿದ್ದಿ, ಆನ್ಸಿಬಲ್ ಎಂಬ, ಹಲವು ಸರ್ವರ್‌ಗಳನ್ನು ಒಂದೆಡೆಯಿಂದ ಹೊಂದಿಸುವ ಸಾಧನದ ಸಿಂಕ್ರೊನೈಜ್ ಮಾಡ್ಯೂಲ್ ಮೂಲಕ ಎಲ್ಲ ಕಡೆಗೂ ಕಳಿಸುತ್ತೇವೆ. ಈಚೆಗೆ ಒಂದು ಝೋನ್‌ಗೆ ತಪ್ಪು ದಾಖಲೆ ಸೇರಿಬಿಟ್ಟಿತು. ಬ್ಯಾಕಪ್‌ನಲ್ಲಿದ್ದ ಹಿಂದಿನ ವಾರದ ಫೈಲನ್ನೇ ತಂದು ಹಾಕಿ ಕಳಿಸಿದೆವು. ಬೈಂಡ್‌ಗೆ ಆಜ್ಞೆ ಕೊಡುವ ಆರ್‌ಎನ್‌ಡಿಸಿ, ರೀಲೋಡ್ ‘ಯಶಸ್ವಿ’ ಎಂದಿತು, ಆದರೂ ಆರೂ ಸರ್ವರ್‌ಗಳು ತಪ್ಪು ಉತ್ತರವನ್ನೇ ಕೊಡುತ್ತಿದ್ದವು. ಕ್ರಾನ್ ಕಥೆಯೂ ಹೀಗೇ: ಕ್ರಾನ್‌ಟ್ಯಾಬ್ -ಎಲ್ ಕೊಟ್ಟರೆ ಹೊಸ ಸಾಲು ಕಾಣುತ್ತದೆ, ಆದರೆ ಕೆಲಸ ಓಡುವುದಿಲ್ಲ. ಒಂದೆರಡು ಸರ್ವರ್‌ಗಳಲ್ಲಿ ಮಾತ್ರ ಓಡುತ್ತದೆ. ಚೆಕ್‌ಸಮ್ (ಫೈಲಿನೊಳಗಿನದರಿಂದ ಲೆಕ್ಕಹಾಕಿದ ಸಂಖ್ಯೆ) ಎಲ್ಲ ಕಡೆ ಒಂದೇ. ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಮ್) ರೀಸ್ಟಾರ್ಟ್ ಮಾಡಿದರೆ ಎರಡೂ ಸರಿಹೋಗುತ್ತವೆ. ಹಾಗಾದರೆ ಪ್ರತಿ ಸಲವೂ ರೀಸ್ಟಾರ್ಟ್ ಮಾಡುವುದೊಂದೇ ದಾರಿಯೇ?

ಉತ್ತರ: ರೀಸ್ಟಾರ್ಟ್ ಬೇಕಿಲ್ಲ. ಎರಡೂ ತೊಂದರೆಗಳ ಬೇರು ಒಂದೇ. ಸಿಂಕ್ರೊನೈಜ್ ಮಾಡ್ಯೂಲ್ ಒಳಗೆ ಓಡಿಸುವುದು ಫೈಲ್ ನಕಲು ಮಾಡುವ ಆರ್‌ಸಿಂಕ್ ಅನ್ನು, ಅದೂ ತಾನಾಗಿಯೇ ಆರ್ಕೈವ್ ವಿಧಾನದಲ್ಲಿ, ಅಂದರೆ -ಎ ಆಯ್ಕೆಯೊಂದಿಗೆ. -ಎ ಎಂಬುದು ಏಳು ಆಯ್ಕೆಗಳ ಗಂಟು. ಅದರೊಳಗೆ -ಟಿ ಕೂಡ ಇದೆ. -ಟಿ ಮೂಲ ಫೈಲಿನ ಬದಲಾವಣೆ ಸಮಯವನ್ನು (ಎಂಟೈಮ್) ಹಾಗೇ ಗುರಿಯ ಫೈಲಿಗೆ ಅಚ್ಚೊತ್ತುತ್ತದೆ. ಬೈಂಡ್ ಮತ್ತು ಕ್ರಾನ್ ಫೈಲಿನೊಳಗೆ ಏನಿದೆ ಎಂದು ನೋಡುವ ಮೊದಲು ಈ ಸಮಯವನ್ನು ನೋಡುತ್ತವೆ. ಸಮಯ ‘ಹೊಸದೇನೂ ಇಲ್ಲ’ ಎಂದು ಹೇಳಿದರೆ ಒಳಗೆ ಇಣುಕುವುದೇ ಇಲ್ಲ. ಆದ್ದರಿಂದ ಮಾಡ್ಯೂಲಿಗೆ ‘ಚೆಕ್‌ಸಮ್: ಟ್ರೂ’, ‘ಟೈಮ್ಸ್: ಫಾಲ್ಸ್’ ಎಂಬ ಎರಡು ಸಾಲು ಸೇರಿಸಿ. ಕ್ರಾನ್‌ಟ್ಯಾಬ್‌ಗಳನ್ನು ಸ್ಪೂಲ್ ಡೈರೆಕ್ಟರಿಗೆ (ಕ್ರಾನ್ ಅವನ್ನು ಇಟ್ಟುಕೊಳ್ಳುವ ಜಾಗ) ನೇರವಾಗಿ ತಳ್ಳುವುದನ್ನು ನಿಲ್ಲಿಸಿ. ಇದು ಚಿಕ್ಕ ಉತ್ತರ. ಆದರೆ ಕಾರಣ ಪೂರ್ತಿ ತಿಳಿಯದಿದ್ದರೆ ಇದೇ ತೊಂದರೆ ನಾಳೆ ಪೋಸ್ಟ್‌ಫಿಕ್ಸ್‌ನಲ್ಲೋ (ಮೇಲ್ ಸರ್ವರ್) ಸಿಸ್ಟಮ್‌ಡಿಯಲ್ಲೋ (ಸೇವೆಗಳನ್ನು ನಡೆಸುವ ಪ್ರೋಗ್ರಾಮ್) ಬೇರೆ ವೇಷದಲ್ಲಿ ಬರುತ್ತದೆ. ಹಾಗಾಗಿ ವಿವರವಾಗಿ ಹೇಳುತ್ತೇನೆ.

ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಕನಿಷ್ಠ ಮೂರು ಸಮಯಗಳಿರುತ್ತವೆ. ಎಟೈಮ್ ಎಂದರೆ ಕೊನೆಯ ಸಲ ಓದಿದ್ದು. ಅದು ಇಲ್ಲಿ ನಮಗೆ ಬೇಡ. ಎಂಟೈಮ್ ಎಂದರೆ ಒಳಗಿನ ಮಾಹಿತಿ ಕೊನೆಯ ಸಲ ಬದಲಾದದ್ದು. ಸಿಟೈಮ್ ಎಂದರೆ ಐನೋಡ್ (ಫೈಲಿನ ಬಗ್ಗೆ ವ್ಯವಸ್ಥೆ ಇಟ್ಟುಕೊಳ್ಳುವ ವಿವರ) ಕೊನೆಯ ಸಲ ಬದಲಾದದ್ದು. ಮಾಹಿತಿ ಬದಲಾದರೂ, ಮಾಲೀಕತ್ವ ಅಥವಾ ಪರ್ಮಿಷನ್ ಬದಲಾದರೂ, ಯಾರಾದರೂ ಎಂಟೈಮನ್ನೇ ಕೈಯಾರೆ ತಿದ್ದಿದರೂ ಸಿಟೈಮ್ ಆ ಕ್ಷಣಕ್ಕೆ ಬಂದು ನಿಲ್ಲುತ್ತದೆ. ಎಂಟೈಮನ್ನು ಯಾವ ಪ್ರೋಗ್ರಾಮ್ ಬೇಕಾದರೂ ಯಾವ ದಿನಾಂಕಕ್ಕೆ ಬೇಕಾದರೂ ಇಡಬಹುದು. ಸಿಟೈಮನ್ನು ಹಾಗೆ ಇಡಲು ಸಿಸ್ಟಮ್ ಕಾಲ್ ಇಲ್ಲ. ಈ ವ್ಯತ್ಯಾಸವೇ ನಿಮಗೆ ಪತ್ತೆದಾರಿಕೆಯ ಮುಖ್ಯ ಸಾಧನ.

ಇದರ ಜೊತೆಗೆ ಡೈರೆಕ್ಟರಿಯ ಎಂಟೈಮ್ ಬೇರೆ ಇದೆ. ಡೈರೆಕ್ಟರಿಯಲ್ಲಿ ಹೆಸರು ಸೇರಿದಾಗ, ಅಳಿದಾಗ, ರೀನೇಮ್ ಆದಾಗ ಮಾತ್ರ ಅದು ಬದಲಾಗುತ್ತದೆ. ಇದ್ದ ಫೈಲನ್ನೇ ತೆರೆದು ಅದರೊಳಗೆ ಬರೆದರೆ ಡೈರೆಕ್ಟರಿಯ ಎಂಟೈಮ್ ಅಲುಗುವುದಿಲ್ಲ. ನ್ಯಾನೋ ಹೀಗೆ ಇದ್ದ ಜಾಗದಲ್ಲೇ ಬರೆಯುತ್ತದೆ. ಸೆಡ್ -ಐ, ಗಿಟ್, ಆನ್ಸಿಬಲ್‌ನ ಕಾಪಿ ಮತ್ತು ಟೆಂಪ್ಲೇಟ್ ಮಾಡ್ಯೂಲ್‌ಗಳು ಹೊಸ ಫೈಲ್ ಸೃಷ್ಟಿಸಿ ಹಳೆಯದರ ಜಾಗಕ್ಕೆ ತರುತ್ತವೆ, ಹಾಗಾಗಿ ಡೈರೆಕ್ಟರಿಯ ಎಂಟೈಮ್ ಕೂಡ ಬದಲಾಗುತ್ತದೆ.

ಮೊದಲು ಬೈಂಡ್ ವಿಷಯ. ಬೈಂಡ್‌ನ ಡೀಮನ್ ಆದ ನೇಮ್ಡ್ ಒಂದು ಝೋನನ್ನು ಲೋಡ್ ಮಾಡಿದಾಗ ಒಂದು ‘ಲೋಡ್ ಸಮಯ’ವನ್ನು ನೆನಪಿಟ್ಟುಕೊಳ್ಳುತ್ತದೆ; ಅದು ಆ ಗಳಿಗೆಯ ಗಡಿಯಾರದ ಸಮಯವೋ ಫೈಲಿನದೇ ಎಂಟೈಮೋ ಎಂಬುದು ಆವೃತ್ತಿಗೆ ತಕ್ಕಂತೆ ಬೇರೆಯಾಗಬಹುದು. ಮುಂದೆ ರೀಲೋಡ್ ಕೇಳಿದಾಗ ಝೋನ್ ಫೈಲಿನ ಎಂಟೈಮನ್ನು ಈ ಲೋಡ್ ಸಮಯಕ್ಕೆ ಹೋಲಿಸುತ್ತದೆ. ಎಂಟೈಮ್ ಲೋಡ್ ಸಮಯಕ್ಕಿಂತ ಈಚಿನದಾಗಿದ್ದರೆ ಮಾತ್ರ ಫೈಲ್ ಓದುತ್ತದೆ, ಸಮನಾಗಿದ್ದರೂ ಹಳೆಯದಾಗಿದ್ದರೂ ಬಿಟ್ಟುಬಿಡುತ್ತದೆ. ಸಾವಿರಾರು ಝೋನ್‌ಗಳಿರುವ ಸರ್ವರ್‌ನಲ್ಲಿ ಒಂದು ಫೈಲ್ ಬದಲಾಗಿದ್ದಕ್ಕೆ ಎಲ್ಲವನ್ನೂ ಮತ್ತೆ ಓದಬಾರದು ಎಂಬುದು ಇದರ ಹಿಂದಿನ ಯೋಚನೆ. ಅದು ಸರಿಯಾದ ಯೋಚನೆಯೇ. ನೀವು ಬ್ಯಾಕಪ್‌ನಿಂದ ತಂದ ಫೈಲಿನ ಎಂಟೈಮ್ ಹಿಂದಿನ ವಾರದ್ದು. ಕೇಂದ್ರ ಯಂತ್ರಕ್ಕೆ ತರುವಾಗಲೂ, ಅಲ್ಲಿಂದ ಆರು ಸರ್ವರ್‌ಗಳಿಗೆ ಹೋಗುವಾಗಲೂ ಆ ಸಮಯ ಹಾಗೇ ಉಳಿಯಿತು. ನೇಮ್ಡ್ ತಪ್ಪು ಝೋನನ್ನು ಲೋಡ್ ಮಾಡಿದ್ದು ಅದಾದ ಮೇಲೆ. ಹೀಗಾಗಿ ನೇಮ್ಡ್ ಲೆಕ್ಕದಲ್ಲಿ ಹೊಸದೇನೂ ಬಂದಿಲ್ಲ.

ನಿಮ್ಮನ್ನು ದಾರಿ ತಪ್ಪಿಸಿದ್ದು ‘ಯಶಸ್ವಿ’ ಎಂಬ ಮಾತು. ಝೋನ್ ಹೆಸರು ಕೊಡದೆ ಬರೀ ರೀಲೋಡ್ ಎಂದರೆ ಆರ್‌ಎನ್‌ಡಿಸಿ ‘ಸರ್ವರ್ ರೀಲೋಡ್ ಸಕ್ಸೆಸ್‌ಫುಲ್’ ಎನ್ನುತ್ತದೆ. ಯಾವ ಝೋನನ್ನು ಓದಿತು, ಯಾವುದನ್ನು ಬಿಟ್ಟಿತು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಝೋನ್ ಹೆಸರು ಕೊಟ್ಟು ರೀಲೋಡ್ ಮಾಡಿ ನೋಡಿ: ಓದಲು ಒಪ್ಪಿದರೆ ‘ಝೋನ್ ರೀಲೋಡ್ ಕ್ಯೂಡ್’ ಎಂದೂ, ಬಿಟ್ಟರೆ ‘ಝೋನ್ ರೀಲೋಡ್ ಅಪ್-ಟು-ಡೇಟ್’ ಎಂದೂ ಬರುತ್ತದೆ. ಎರಡನೆಯದು ಕಂಡರೆ ಎಂಟೈಮ್ ಸಮಸ್ಯೆ ಎಂದೇ ತಿಳಿಯಿರಿ. ಬಿಟ್ಟ ಕಾರಣ ಲಾಗ್‌ನಲ್ಲಿ ಬರುವುದು ಡಿಬಗ್ ಮಟ್ಟದಲ್ಲಿ ಮಾತ್ರ. ಆರ್‌ಎನ್‌ಡಿಸಿ ಟ್ರೇಸ್ 1 ಕೊಟ್ಟು ಒಮ್ಮೆ ರೀಲೋಡ್ ಮಾಡಿದರೆ, ಫೈಲ್ ಕಳೆದ ಲೋಡ್‌ಗಿಂತ ಹಳೆಯದು ಎಂಬ ಅರ್ಥದ ಸಾಲು ಸಿಗುತ್ತದೆ. ನೋಡಿದ ಮೇಲೆ ನೋಟ್ರೇಸ್ ಕೊಟ್ಟು ಆರಿಸಿ. ಆರ್‌ಎನ್‌ಡಿಸಿ ಝೋನ್‌ಸ್ಟೇಟಸ್ ಕೊಟ್ಟರೆ ಈಗ ಮೆಮೊರಿಯಲ್ಲಿರುವ ಸೀರಿಯಲ್ ಮತ್ತು ಕೊನೆಯ ಲೋಡ್ ಸಮಯ ಎರಡೂ ಕಾಣುತ್ತವೆ. ಇದಕ್ಕೆ ಡಿಬಗ್ ಕೂಡ ಬೇಕಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಹಿಂದಿನ ಫೈಲಿಗೆ ಮರಳುವಾಗಲೂ ಝೋನ್‌ನ ಎಸ್‌ಒಎ ದಾಖಲೆಯ ಸೀರಿಯಲ್ ಸಂಖ್ಯೆಯನ್ನು (ಝೋನ್‌ನ ಆವೃತ್ತಿ ಸಂಖ್ಯೆ) ಏರಿಸಬೇಕು. ನಿಮ್ಮಲ್ಲಿ ಆರೂ ಪ್ರೈಮರಿಗಳಾದ್ದರಿಂದ ಅದರ ಬಿಸಿ ತಟ್ಟಿಲ್ಲ. ಪ್ರೈಮರಿಯಿಂದ ನಕಲು ತರಿಸಿಕೊಳ್ಳುವ ಸೆಕೆಂಡರಿ ಇದ್ದಿದ್ದರೆ, ಕಡಿಮೆ ಸೀರಿಯಲ್ ಕಂಡು ಅದು ಹೊಸ ಝೋನನ್ನು ತರಿಸಿಕೊಳ್ಳುತ್ತಲೇ ಇರಲಿಲ್ಲ. ಸೀರಿಯಲ್ ಏರಿಸಲು ಫೈಲ್ ತೆರೆದು ಸೇವ್ ಮಾಡಿದ್ದರೆ ಎಂಟೈಮ್ ಕೂಡ ತಾನಾಗಿ ಈಗಿನದಾಗುತ್ತಿತ್ತು, ಈ ತೊಂದರೆಯೂ ಮೇಲಕ್ಕೆ ಬರುತ್ತಿರಲಿಲ್ಲ. ದಿನನಿತ್ಯದ ತಿದ್ದುಪಡಿಗಳಲ್ಲಿ ನಿಮಗೆ ಇದು ಕಾಣಿಸದೆ, ಬ್ಯಾಕಪ್ ತಂದಾಗ ಮಾತ್ರ ಕಂಡದ್ದು ಇದರಿಂದಲೇ. ಆದರೆ ಲೋಡ್ ಆದ ಗಳಿಗೆಯನ್ನೇ ನೆನಪಿಡುವ ಬೈಂಡ್ ಆದರೆ ದಿನನಿತ್ಯದಲ್ಲೂ ಒಂದು ಸಂದು ಇದೆ. ನೀವು 3:45ಕ್ಕೆ ತಿದ್ದಿ ಸೇವ್ ಮಾಡಿದಿರಿ, 4:00ಕ್ಕೆ ಪ್ಯಾಕೇಜ್ ಅಪ್‌ಡೇಟ್‌ನಿಂದಾಗಿ ಒಂದು ಸರ್ವರ್‌ನಲ್ಲಿ ನೇಮ್ಡ್ ರೀಸ್ಟಾರ್ಟ್ ಆಯಿತು, 4:10ಕ್ಕೆ ಆರ್‌ಸಿಂಕ್ ಓಡಿತು ಎಂದುಕೊಳ್ಳಿ. ಫೈಲಿನ ಮೇಲಿನ ಸಮಯ 3:45, ಲೋಡ್ ಸಮಯ 4:00. ಆ ಒಂದು ಸರ್ವರ್ ಮಾತ್ರ ಹಿಂದುಳಿಯುತ್ತದೆ, ಉಳಿದ ಐದು ಸರಿಯಿರುತ್ತವೆ. ಇಂಥ ದೋಷವನ್ನು ಹುಡುಕುವುದು ತುಂಬಾ ಕಷ್ಟ, ಏಕೆಂದರೆ ಮುಂದಿನ ತಿದ್ದುಪಡಿ ಬಂದಾಗ ಅದು ತಾನಾಗಿ ಮಾಯವಾಗುತ್ತದೆ.

ಇನ್ನು ಕ್ರಾನ್. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಬರುವುದು ವಿಕ್ಸಿ ಕ್ರಾನ್‌ನ ವಂಶದ್ದು. ಅದು ಪ್ರತಿ ನಿಮಿಷದ ಆರಂಭದಲ್ಲಿ ಎದ್ದು ತನ್ನ ಸ್ಪೂಲ್ ಡೈರೆಕ್ಟರಿಯ, ಅಂದರೆ /ವಾರ್/ಸ್ಪೂಲ್/ಕ್ರಾನ್/ಕ್ರಾನ್‌ಟ್ಯಾಬ್ಸ್‌ನ ಎಂಟೈಮ್ ನೋಡುತ್ತದೆ. ಡೈರೆಕ್ಟರಿಯ ಎಂಟೈಮ್ ಬದಲಾಗಿದ್ದರೆ ಮಾತ್ರ ಒಳಗಿನ ಒಂದೊಂದೇ ಕ್ರಾನ್‌ಟ್ಯಾಬ್‌ನ ಎಂಟೈಮ್ ನೋಡಿ, ಬದಲಾದವುಗಳನ್ನು ಮತ್ತೆ ಓದುತ್ತದೆ. ಬೈಂಡ್‌ನಂತೆ ‘ಈಚಿನದೇ?’ ಎಂದು ಇದು ಕೇಳುವುದಿಲ್ಲ, ‘ನಾನು ನೆನಪಿಟ್ಟದ್ದಕ್ಕಿಂತ ಬೇರೆಯೇ?’ ಎಂದು ಕೇಳುತ್ತದೆ. ಆದ್ದರಿಂದ ಹಳೆಯ ಎಂಟೈಮ್ ಹೊತ್ತ ಫೈಲ್ ಬಂದರೂ ಕ್ರಾನ್‌ಗೆ ಅಡ್ಡಿಯಿಲ್ಲ. ಅದರ ಬಲಹೀನತೆ ಇರುವುದು ಡೈರೆಕ್ಟರಿಯನ್ನು ನಂಬುವುದರಲ್ಲಿ.

ನಿಮ್ಮಲ್ಲಿ ನಡೆದದ್ದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಕೇಂದ್ರ ಯಂತ್ರದಲ್ಲಿ ನ್ಯಾನೋ ಇದ್ದ ಜಾಗದಲ್ಲೇ ಬರೆದದ್ದರಿಂದ ಫೈಲಿನ ಎಂಟೈಮ್ ಬದಲಾಯಿತು, ಅಲ್ಲಿನ ಡೈರೆಕ್ಟರಿಯದ್ದು ಬದಲಾಗಲಿಲ್ಲ. ಆರ್‌ಸಿಂಕ್ ಸರ್ವರ್‌ನಲ್ಲಿ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು ಆಮೇಲೆ ರೀನೇಮ್ ಮಾಡಿತು. ಆಗ ಸರ್ವರ್‌ನ ಸ್ಪೂಲ್ ಡೈರೆಕ್ಟರಿಯ ಎಂಟೈಮ್ ಬದಲಾಯಿತು. ಇಲ್ಲಿಗೆ ನಿಂತಿದ್ದರೆ ಎಲ್ಲವೂ ಸರಿಯಿರುತ್ತಿತ್ತು. ಆದರೆ -ಟಿ ಆಯ್ಕೆ ಡೈರೆಕ್ಟರಿಗಳಿಗೂ ಅನ್ವಯಿಸುತ್ತದೆ. ವರ್ಗಾವಣೆಯ ಕೊನೆಯಲ್ಲಿ ಆರ್‌ಸಿಂಕ್ ಸರ್ವರ್‌ನ ಡೈರೆಕ್ಟರಿಗೆ ಮೂಲ ಡೈರೆಕ್ಟರಿಯ ಹಳೆಯ ಎಂಟೈಮನ್ನು ಮತ್ತೆ ಅಚ್ಚೊತ್ತಿತು. ಹೋದ ಸಲ ಕಳಿಸಿದಾಗಲೂ ಇದ್ದದ್ದು ಅದೇ ಸಮಯ. ಮುಂದಿನ ನಿಮಿಷಕ್ಕೆ ಎದ್ದ ಕ್ರಾನ್‌ಗೆ ಏನೂ ಬದಲಾದಂತೆ ಕಾಣಲಿಲ್ಲ. ಒಂದೆರಡು ಸರ್ವರ್‌ಗಳಲ್ಲಿ ರೀನೇಮ್‌ಗೂ ಈ ಕೊನೆಯ ಅಚ್ಚಿಗೂ ನಡುವಿನ ಸಂದಿನಲ್ಲೇ ನಿಮಿಷ ಉರುಳಿದ್ದರೆ, ಅಲ್ಲಿ ಕ್ರಾನ್ ಬದಲಾವಣೆಯನ್ನು ಕಂಡು ಓದಿಕೊಂಡಿರುತ್ತದೆ. ಇಲ್ಲವೇ ಬೇರೆ ಕಾರಣಕ್ಕೆ ಅಲ್ಲಿ ಕ್ರಾನ್ ಆಮೇಲೆ ರೀಸ್ಟಾರ್ಟ್ ಆಗಿರುತ್ತದೆ. ‘ಕೆಲವೆಡೆ ಓಡುತ್ತದೆ, ಕೆಲವೆಡೆ ಇಲ್ಲ’ ಎಂಬುದಕ್ಕೆ ವಿವರಣೆ ಇದು.

ಕ್ರಾನ್‌ಟ್ಯಾಬ್ -ಎಲ್ ತೋರಿಸಿದ್ದನ್ನು ಪುರಾವೆ ಎಂದುಕೊಳ್ಳಬೇಡಿ. ಅದು ಡಿಸ್ಕಿನಲ್ಲಿರುವ ಫೈಲನ್ನು ಓದಿ ತೋರಿಸುತ್ತದೆ ಅಷ್ಟೆ, ಡೀಮನ್‌ನ ಮೆಮೊರಿಯಲ್ಲಿ ಏನಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಡೀಮನ್ ನಿಜಕ್ಕೂ ಓದಿದೆಯೇ ಎಂಬುದಕ್ಕೆ ಪುರಾವೆ ಲಾಗ್‌ನಲ್ಲಿ ಬರುವ ‘ರೀಲೋಡ್’ ಸಾಲು. ಜರ್ನಲ್‌ಸಿಟಿಎಲ್‌ನಲ್ಲಿ ಕ್ರಾನ್ ಯೂನಿಟ್‌ನ ಲಾಗ್ ತೆಗೆದು, ಕಳಿಸಿದ ನಂತರದ ನಿಮಿಷದಲ್ಲಿ ಆ ಬಳಕೆದಾರರ ಹೆಸರಿನೊಂದಿಗೆ ‘ರೀಲೋಡ್’ ಇದೆಯೇ ನೋಡಿ.

ಸ್ಪೂಲ್ ಡೈರೆಕ್ಟರಿಗೆ ನೇರವಾಗಿ ಬರೆಯುವುದನ್ನೇ ಬಿಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಕ್ರಾನ್‌ಟ್ಯಾಬ್ ಆಜ್ಞೆಯ ಜಾಗ. ಆ ಆಜ್ಞೆ ವ್ಯಾಕರಣ ಪರೀಕ್ಷಿಸುತ್ತದೆ, ಸರಿಯಾದ ಪರ್ಮಿಷನ್ ಕೊಡುತ್ತದೆ, ಪ್ರತಿ ಬದಲಾವಣೆಯ ನಂತರ ಡೈರೆಕ್ಟರಿಯ ಎಂಟೈಮನ್ನು ತಾನೇ ಈಗಿನದಾಗಿಸುತ್ತದೆ. ಆರ್‌ಸಿಂಕ್ -ಎ ಇವನ್ನೆಲ್ಲ ಬದಿಗೊತ್ತಿ, ಕೇಂದ್ರ ಯಂತ್ರದ ಮಾಲೀಕತ್ವ ಮತ್ತು ಪರ್ಮಿಷನ್‌ಗಳನ್ನೂ ತಂದು ಕೂರಿಸುತ್ತದೆ. ಡೆಬಿಯನ್‌ನಲ್ಲಿ ಆ ಡೈರೆಕ್ಟರಿಗೆ ಇರಬೇಕಾದ ಪರ್ಮಿಷನ್ 1730, ಗುಂಪು ಕ್ರಾನ್‌ಟ್ಯಾಬ್. ಅದು ಕೆಟ್ಟರೆ ಸಾಮಾನ್ಯ ಬಳಕೆದಾರರು ತಮ್ಮ ಕ್ರಾನ್‌ಟ್ಯಾಬ್ ತಿದ್ದಲಾರರು. ಆನ್ಸಿಬಲ್‌ನ ಕ್ರಾನ್ ಮಾಡ್ಯೂಲ್ ಬಳಕೆದಾರರ ಕ್ರಾನ್‌ಟ್ಯಾಬ್‌ಗಳಿಗೆ ಕ್ರಾನ್‌ಟ್ಯಾಬ್ ಆಜ್ಞೆಯನ್ನೇ ಓಡಿಸುತ್ತದೆ, ಹಾಗಾಗಿ ಅದನ್ನು ಬಳಸಿ. ಫೈಲ್ ರೂಪದಲ್ಲೇ ಇಡಬೇಕೆಂದರೆ /ಎಟಿಸಿ/ಕ್ರಾನ್.ಡಿ ಒಳಗೆ ಕಾಪಿ ಮಾಡ್ಯೂಲ್‌ನಿಂದ ಇಡಿ. ಡೆಬಿಯನ್‌ನ ಕ್ರಾನ್ ಅಲ್ಲಿ ಡೈರೆಕ್ಟರಿಯ ಎಂಟೈಮ್ ಮಾತ್ರವಲ್ಲದೆ ತನಗೆ ಗೊತ್ತಿರುವ ಪ್ರತಿ ಫೈಲಿನ ಎಂಟೈಮನ್ನೂ ನೋಡುತ್ತದೆ.

ಕ್ರಾನ್.ಡಿಯಲ್ಲಿ ಎಂಟೈಮ್‌ಗೆ ಸಂಬಂಧವೇ ಇಲ್ಲದ, ಆದರೆ ಲಕ್ಷಣದಲ್ಲಿ ಇದರಂತೆಯೇ ಕಾಣುವ ತಪ್ಪುಗಳಿವೆ. ಫೈಲಿನ ಹೆಸರಿನಲ್ಲಿ ಚುಕ್ಕಿ ಇದ್ದರೆ ಡೆಬಿಯನ್‌ನ ಕ್ರಾನ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಕ್ಷರ, ಅಂಕಿ, ಅಡಿಗೆರೆ, ಹೈಫನ್ ಮಾತ್ರ ಸಲ್ಲುತ್ತವೆ. ಮಾಲೀಕ ರೂಟ್ ಆಗಿರಬೇಕು, ಗುಂಪಿಗಾಗಲಿ ಇತರರಿಗಾಗಲಿ ಬರೆಯುವ ಅನುಮತಿ ಇರಬಾರದು. ಕೊನೆಯ ಸಾಲಿನ ನಂತರ ಹೊಸಸಾಲಿನ ಚಿಹ್ನೆ ಇರಲೇಬೇಕು. ಐದು ಸಮಯದ ಅಂಕಣಗಳ ಬಳಿಕ ಬಳಕೆದಾರರ ಹೆಸರಿನ ಆರನೆಯ ಅಂಕಣ ಬೇಕು. ಎಂಟೈಮನ್ನು ದೂರುವ ಮೊದಲು ಇವನ್ನು ನೋಡಿಬಿಡಿ. ರೀಸ್ಟಾರ್ಟ್‌ಗೂ ಸರಿಹೋಗದಿದ್ದರೆ ಕಾರಣ ಇವುಗಳಲ್ಲೊಂದು, ಎಂಟೈಮ್ ಅಲ್ಲ.

ರೆಡ್ ಹ್ಯಾಟ್ ಕುಟುಂಬದ ವಿತರಣೆಗಳಲ್ಲಿ ಇರುವುದು ಕ್ರೋನಿ (cronie). ಸಮಯ ಹೊಂದಿಸುವ ಕ್ರೋನಿಯೇ (chrony) ಬೇರೆ, ಇದು ಕ್ರಾನ್‌ನ ಇನ್ನೊಂದು ರೂಪ. ಇದು ಐನೋಟಿಫೈ ಮೂಲಕ ಕರ್ನಲ್‌ನಿಂದಲೇ ಸುದ್ದಿ ಪಡೆಯುವುದರಿಂದ ಮೇಲಿನ ಡೈರೆಕ್ಟರಿ ಸಮಸ್ಯೆ ಇದಕ್ಕಿಲ್ಲ. ಆದರೆ ಕ್ರಾನ್‌ಟ್ಯಾಬ್ ಸಿಂಬಾಲಿಕ್ ಲಿಂಕ್ ಆಗಿದ್ದು, ಅದು ತೋರುವ ಫೈಲ್ ಬೇರೆಡೆ ಬದಲಾದರೆ ಸುದ್ದಿ ಬರುವುದಿಲ್ಲ. ಆಗ ಡೀಮನ್‌ಗೆ ಹಪ್ ಸಿಗ್ನಲ್ ಕಳಿಸಬೇಕು ಎಂದು ಅದರ ಕೈಪಿಡಿಯೇ ಹೇಳುತ್ತದೆ. ‘ಕರೆಂಟ್’ ಎಂಬ ಲಿಂಕನ್ನು ಹೊಸ ಬಿಡುಗಡೆಯ ಡೈರೆಕ್ಟರಿಗೆ ತಿರುಗಿಸುವ ಪದ್ಧತಿ ಇರುವವರು ಇದನ್ನು ಗಮನದಲ್ಲಿಡಬೇಕು. ಎನ್‌ಎಫ್‌ಎಸ್ ಮೇಲೆ ಬೇರೆ ಯಂತ್ರ ಮಾಡಿದ ಬದಲಾವಣೆಯೂ ಐನೋಟಿಫೈಗೆ ಕಾಣುವುದಿಲ್ಲ.

ಈಗ ಎರಡು ಬಗೆಯ ಹೋಲಿಕೆ ಕಂಡೆವು: ‘ಈಚಿನದೇ?’ ಮತ್ತು ‘ಬೇರೆಯೇ?’. ನಿಮ್ಮ ಬೇರೆ ಡೀಮನ್‌ಗಳನ್ನೂ ಇದೇ ಕಣ್ಣಿನಿಂದ ನೋಡಿ. ಮೊದಲ ಬಗೆಯವು ಹಿಂದಿನ ಆವೃತ್ತಿಗೆ ಮರಳಿದಾಗ ಕೈಕೊಡುತ್ತವೆ. ಎರಡನೆಯ ಬಗೆಯವು ಎಂಟೈಮನ್ನು ಸರಿಯಾಗಿ ಮೊದಲಿದ್ದಂತೆಯೇ ಇಟ್ಟಾಗ ಕೈಕೊಡುತ್ತವೆ. ಎಚ್ಚರಿಕೆಯಿಂದ ಬರೆದ ಪ್ರೋಗ್ರಾಮ್‌ಗಳು ಎಂಟೈಮ್ ಒಂದನ್ನೇ ನೆಚ್ಚುವುದಿಲ್ಲ. ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿ 2017ರ 2.26ನೇ ಆವೃತ್ತಿಯಿಂದ, ಡಿಎನ್‌ಎಸ್ ಸರ್ವರ್‌ಗಳ ವಿಳಾಸವಿರುವ ರಿಸಾಲ್ವ್.ಕಾನ್ಫ್ ಬದಲಾದರೆ ತಾನೇ ಮತ್ತೆ ಓದುತ್ತದೆ. ಗಾತ್ರ, ಐನೋಡ್ ಸಂಖ್ಯೆ, ಎಂಟೈಮ್, ಸಿಟೈಮ್ ನಾಲ್ಕನ್ನೂ ಹೋಲಿಸುತ್ತದೆ. ಗಿಟ್ ಕೂಡ ತನ್ನ ಇಂಡೆಕ್ಸ್‌ನಲ್ಲಿ ಇವನ್ನೆಲ್ಲ ಇಟ್ಟುಕೊಳ್ಳುತ್ತದೆ. ನಾಲ್ಕನ್ನೂ ವಂಚಿಸಿ ಒಂದು ಬದಲಾವಣೆ ನುಸುಳುವುದು ತುಂಬ ಕಷ್ಟ.

ಸಿಸ್ಟಮ್‌ಡಿ ಯೂನಿಟ್ ಫೈಲ್‌ಗಳಿಗೆ (ಸೇವೆಗಳ ವಿವರ ಇರುವ ಫೈಲ್‌ಗಳು) ಮೊದಲ ಬಗೆಯ ಹೋಲಿಕೆಯನ್ನೇ ಬಳಸುತ್ತದೆ. ಡಿಸ್ಕಿನ ಫೈಲ್ ತಾನು ಓದಿದ್ದಕ್ಕಿಂತ ಈಚಿನದಾಗಿದ್ದರೆ ‘ಡೀಮನ್-ರೀಲೋಡ್ ಮಾಡಿ’ ಎಂದು ಎಚ್ಚರಿಸುತ್ತದೆ, ತಾನಾಗಿ ಓದುವುದಿಲ್ಲ. ಹಳೆಯ ಎಂಟೈಮ್ ಹೊತ್ತ ಯೂನಿಟ್ ಫೈಲ್ ಬಂದರೆ ಆ ಎಚ್ಚರಿಕೆಯೂ ಇರುವುದಿಲ್ಲ. ಹಾಗಾಗಿ ಎಚ್ಚರಿಕೆ ಬಂದಿಲ್ಲವೆಂದು ಸುಮ್ಮನಿರಬೇಡಿ. ಯೂನಿಟ್ ಫೈಲ್ ಮುಟ್ಟಿದ ಪ್ರತಿ ಟಾಸ್ಕ್‌ನ ಹ್ಯಾಂಡ್ಲರ್‌ನಲ್ಲಿ (ಟಾಸ್ಕ್ ಏನಾದರೂ ಬದಲಿಸಿದರೆ ಮಾತ್ರ ಓಡುವ ಕೆಲಸ) ಡೀಮನ್-ರೀಲೋಡ್ ಇರಲಿ. ಅದಕ್ಕೆ ತಗಲುವ ಶ್ರಮ ಅತ್ಯಲ್ಪ.

ಪೋಸ್ಟ್‌ಫಿಕ್ಸ್‌ನ ವಿಷಯ ಸ್ವಲ್ಪ ಬೇರೆ, ಮತ್ತು ಬಹಳ ಕಡೆ ಕಾಣುವಂಥದ್ದು. ವರ್ಚುವಲ್ ಎಂಬ ಪಠ್ಯ ಫೈಲಿನಿಂದ ಪೋಸ್ಟ್‌ಮ್ಯಾಪ್ ಆಜ್ಞೆ ವರ್ಚುವಲ್.ಡಿಬಿ ತಯಾರಿಸುತ್ತದೆ, ಡೀಮನ್ ಓದುವುದು ಡಿಬಿಯನ್ನು. ಮೂಲ ಫೈಲ್ ಡಿಬಿಗಿಂತ ಈಚಿನದಾಗಿದ್ದರೆ, ಡೇಟಾಬೇಸ್ ಮೂಲಕ್ಕಿಂತ ಹಳೆಯದು ಎಂದು ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ ಎಚ್ಚರಿಸಿ, ಹಳೆಯ ಡಿಬಿಯನ್ನೇ ಬಳಸುತ್ತ ಹೋಗುತ್ತದೆ. ಮೂಲ ಈಗಷ್ಟೇ ಬದಲಾಗಿದ್ದರೆ ಎಚ್ಚರಿಸುವುದಿಲ್ಲ. ಪೋಸ್ಟ್‌ಮ್ಯಾಪ್ ಓಡಲು ಬಿಡುವು ಕೊಡುತ್ತದೆ. ಆನ್ಸಿಬಲ್‌ನಲ್ಲಿ ಎಲ್ಲರೂ ಮಾಡುವುದು ಟೆಂಪ್ಲೇಟ್ ಟಾಸ್ಕ್‌ಗೆ ಪೋಸ್ಟ್‌ಮ್ಯಾಪ್ ಹ್ಯಾಂಡ್ಲರ್ ಕಟ್ಟುವುದು. ಹ್ಯಾಂಡ್ಲರ್‌ಗಳು ಓಡುವುದು ಪ್ಲೇಯ ಕೊನೆಗೆ. ನಡುವೆ ಬೇರೊಂದು ಟಾಸ್ಕ್ ಸೋತರೆ ಆ ಹೋಸ್ಟ್‌ನಲ್ಲಿ ಹ್ಯಾಂಡ್ಲರ್ ಓಡುವುದೇ ಇಲ್ಲ. ನೀವು ಸೋತದ್ದನ್ನು ಸರಿಪಡಿಸಿ ಮತ್ತೆ ಓಡಿಸುತ್ತೀರಿ. ಈ ಸಲ ಟೆಂಪ್ಲೇಟ್ ಮೊದಲೇ ಸರಿಯಿರುವುದರಿಂದ ‘ಬದಲಾವಣೆ ಇಲ್ಲ’ ಎಂದು ಹಸಿರು ಸಾಲು ಬರುತ್ತದೆ, ಹ್ಯಾಂಡ್ಲರ್‌ಗೆ ಕರೆ ಹೋಗುವುದಿಲ್ಲ. ಪ್ಲೇಬುಕ್ ಪೂರ್ತಿ ಹಸಿರು, ಮೇಲ್ ಮಾತ್ರ ಹಳೆಯ ವಿಳಾಸಕ್ಕೆ. ಆನ್ಸಿಬಲ್‌ನಂಥದೇ ಸಾಧನವಾದ ಪಪೆಟ್‌ನಲ್ಲಿ ‘ರಿಫ್ರೆಶ್‌ಓನ್ಲಿ’ ಇರುವ ಎಕ್ಸೆಕ್‌ಗೂ ಇದೇ ಗತಿ ಬರಬಹುದು.

ಇಲ್ಲಿ ಎಂಟೈಮ್ ನಿಮ್ಮ ಶತ್ರುವಲ್ಲ, ಮಿತ್ರ. ಹ್ಯಾಂಡ್ಲರ್ ಬದಲು ಪ್ರತಿ ಓಟದಲ್ಲೂ ಪರೀಕ್ಷಿಸುವ ಟಾಸ್ಕ್ ಬರೆಯಿರಿ: ಡಿಬಿ ಮೂಲಕ್ಕಿಂತ ಈಚಿನದಲ್ಲದಿದ್ದರೆ ಪೋಸ್ಟ್‌ಮ್ಯಾಪ್ ಓಡಿಸು. ಶೆಲ್‌ನ ಟೆಸ್ಟ್ ಆಜ್ಞೆಯ -ಎನ್‌ಟಿ ಇದಕ್ಕೇ ಇರುವುದು. ಒಂದೇ ಷರತ್ತು, ಮೂಲ ಫೈಲಿನ ಎಂಟೈಮ್ ಅದು ಈ ಸರ್ವರ್‌ಗೆ ಬಂದ ಸಮಯವೇ ಆಗಿರಬೇಕು. ಹೋದ ತಿಂಗಳ ಎಂಟೈಮ್ ಹೊತ್ತು ಇಂದು ಬಂದರೆ, ಹೋದ ವಾರದ ಡಿಬಿಯೇ ‘ಈಚಿನದು’ ಎನಿಸಿಕೊಳ್ಳುತ್ತದೆ. ಹ್ಯಾಂಡ್ಲರ್‌ಗಳನ್ನೇ ಉಳಿಸಿಕೊಳ್ಳುವುದಾದರೆ ಪ್ಲೇಗೆ ‘ಫೋರ್ಸ್_ಹ್ಯಾಂಡ್ಲರ್ಸ್’ ಕೊಡಿ, ಮುಖ್ಯವಾದ ಫೈಲ್‌ಗಳ ನಂತರ ‘ಫ್ಲಶ್_ಹ್ಯಾಂಡ್ಲರ್ಸ್’ ಹಾಕಿ.

ನಿಕ್ಸ್‌ಒಎಸ್ ಎಂಬ ಲಿನಕ್ಸ್ ವಿತರಣೆ ಬಳಸುವವರಿಗೆ ಒಂದು ಮಾತು. ಅದರ ಸ್ಟೋರ್‌ನಲ್ಲಿ (ಪ್ಯಾಕೇಜ್‌ಗಳನ್ನು ಇಡುವ ಜಾಗ) ಇರುವ ಎಲ್ಲ ಫೈಲ್‌ಗಳ ಎಂಟೈಮ್ 1, ಅಂದರೆ 1970ರ ಜನವರಿ 1ರ ಮೊದಲ ಸೆಕೆಂಡ್. ಓಎಸ್‌ಟ್ರೀ ಇದನ್ನು 0 ಮಾಡುತ್ತದೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತನ್ನ ಇಟ್ಯಾಗನ್ನು (ಪುಟ ಬದಲಾಗಿದೆಯೇ ಎಂದು ಬ್ರೌಸರ್‌ಗೆ ತಿಳಿಸುವ ಗುರುತು) ಎಂಟೈಮ್ ಮತ್ತು ಗಾತ್ರದಿಂದ ಕಟ್ಟುವುದರಿಂದ, ಗಾತ್ರ ಒಂದೇ ಇದ್ದರೆ ಬದಲಾದ ಪುಟಕ್ಕೂ ಹಳೆಯ ಇಟ್ಯಾಗ್ ಬಂದುಬಿಡುತ್ತದೆ. ಇದಕ್ಕಾಗಿ ನಿಕ್ಸ್‌ನವರು ಎಂಜಿನ್‌ಎಕ್ಸ್‌ಗೆ ಪ್ಯಾಚ್ ಹಾಕಿದ್ದಾರೆ.

ಗಡಿಯಾರದ ವಿಷಯ ಭಾರತದ ಸರ್ವರ್‌ಗಳಲ್ಲಿ ಒಂದು ವಿಶಿಷ್ಟ ರೂಪದಲ್ಲಿ ಬರುತ್ತದೆ. ಯಂತ್ರದ ಹಾರ್ಡ್‌ವೇರ್ ಗಡಿಯಾರ ಭಾರತೀಯ ಕಾಲಮಾನದಲ್ಲಿದ್ದು ಲಿನಕ್ಸ್ ಅದನ್ನು ಯುಟಿಸಿ ಎಂದು ಓದಿದರೆ, ಬೂಟ್ ಆದಾಗ ಸಿಸ್ಟಮ್ ಸಮಯ 5 ಗಂಟೆ 30 ನಿಮಿಷ ಮುಂದಿರುತ್ತದೆ. ನೆಟ್‌ವರ್ಕ್‌ನಿಂದ ಸಮಯ ಹೊಂದಿಸುವ ಎನ್‌ಟಿಪಿ ಅದನ್ನು ಹಿಂದಕ್ಕೆ ಎಳೆಯುವಷ್ಟರಲ್ಲಿ ನೇಮ್ಡ್ ಝೋನ್‌ಗಳನ್ನು ಲೋಡ್ ಮಾಡಿ, ಗಡಿಯಾರದ ಸಮಯವನ್ನೇ ನೆನಪಿಡುವ ಆವೃತ್ತಿಯಾದರೆ ಭವಿಷ್ಯದ ಸಮಯವನ್ನು ನೆನಪಿಟ್ಟಿರುತ್ತದೆ. ಆಗ ಮುಂದಿನ ಐದೂವರೆ ಗಂಟೆ ನೀವು ಎಷ್ಟೇ ಸರಿಯಾಗಿ ಫೈಲ್ ಕಳಿಸಿದರೂ ಅದಕ್ಕೆ ಎಲ್ಲವೂ ಹಳೆಯದೇ. ಟೈಮ್‌ಡೇಟ್‌ಸಿಟಿಎಲ್ ಕೊಟ್ಟು ‘ಆರ್‌ಟಿಸಿ ಇನ್ ಲೋಕಲ್ ಟಿಝೆಡ್’ ಸಾಲನ್ನೂ, ಆರ್‌ಟಿಸಿ (ಹಾರ್ಡ್‌ವೇರ್ ಗಡಿಯಾರ) ಸಮಯ ನಿಜವಾದ ಯುಟಿಸಿಗೆ ಹೊಂದುತ್ತದೆಯೇ ಎಂಬುದನ್ನೂ ನೋಡಿ. ಸಮಯ ಹೊಂದಿದ ಮೇಲೆಯೇ ನೇಮ್ಡ್ ಶುರುವಾಗುವಂತೆ ಅದರ ಯೂನಿಟ್‌ಗೆ ‘ಟೈಮ್-ಸಿಂಕ್.ಟಾರ್ಗೆಟ್’ ನಂತರ ಎಂಬ ಕ್ರಮ ಕೊಡಬಹುದು. ಆದರೆ ಸಮಯ ಹೊಂದುವವರೆಗೆ ಕಾಯುವ ಸೇವೆಯೂ ಚಾಲೂ ಇದ್ದರೆ ಮಾತ್ರ ಆ ಕ್ರಮಕ್ಕೆ ಅರ್ಥ. ಸಮಯಗಳನ್ನು ಹೋಲಿಸುವಾಗ ಒಂದನ್ನು ಯುಟಿಸಿ ಲಾಗ್‌ನಿಂದ, ಇನ್ನೊಂದನ್ನು ಸ್ಥಳೀಯ ಸಮಯದಿಂದ ಓದಿ ಗೊಂದಲ ಮಾಡಿಕೊಳ್ಳಬೇಡಿ. ಸ್ಟ್ಯಾಟ್ ಆಜ್ಞೆಯಿಂದ ಸೆಕೆಂಡುಗಳ ಸಂಖ್ಯೆಯನ್ನೇ ತೆಗೆದು ಹೋಲಿಸಿ.

ಕ್ರಾನ್ ಸೆಕೆಂಡಿನ ಲೆಕ್ಕದಲ್ಲೇ ಹೋಲಿಸುವುದರಿಂದ, ಒಂದೇ ಸೆಕೆಂಡಿನಲ್ಲಿ ಎರಡು ಸಲ ಬರೆದು ನಡುವೆ ಕ್ರಾನ್ ಓದಿಬಿಟ್ಟರೆ ಎರಡನೆಯ ಬರಹ ಕಾಣೆಯಾಗುತ್ತದೆ. ಅಪರೂಪ. ಆದರೆ ಕಾನ್ಫಿಗರೇಷನ್ ಏಜೆಂಟನ್ನು ಕ್ರಾನ್‌ನಿಂದಲೇ ಓಡಿಸುವವರಲ್ಲಿ ಎರಡೂ ನಿಮಿಷದ ಮೊದಲ ಸೆಕೆಂಡಿನಲ್ಲೇ ಏಳುವುದರಿಂದ ಸಂಭವ ಹೆಚ್ಚು. ಪಪೆಟ್‌ನ ಸ್ಪ್ಲೇ ಅಥವಾ ಸಿಸ್ಟಮ್‌ಡಿ ಟೈಮರ್‌ನ ಯಾದೃಚ್ಛಿಕ ವಿಳಂಬ ಬಳಸಿದರೆ ಸಾಕು. ಒಂದು ಫೈಲನ್ನು ಎರಡು ಟಾಸ್ಕ್‌ಗಳಿಂದ ಬರೆಯದೆ ಒಂದೇ ಟೆಂಪ್ಲೇಟ್‌ನಿಂದ ಬರೆದರೆ ಇನ್ನೂ ಒಳ್ಳೆಯದು.

ಪತ್ತೆ ಹಚ್ಚುವುದು ಹೀಗೆ. ಅನುಮಾನ ಇರುವ ಫೈಲಿಗೆ ಸ್ಟ್ಯಾಟ್ ಕೊಡಿ. ‘ಮಾಡಿಫೈ’ ಹಳೆಯದಾಗಿದ್ದು ‘ಚೇಂಜ್’ ಈಚಿನದಾಗಿದ್ದರೆ, ಯಾರೋ ಎಂಟೈಮನ್ನು ಹೊತ್ತು ತಂದಿದ್ದಾರೆ, ಇಲ್ಲವೇ ಮಾಲೀಕತ್ವ ಅಥವಾ ಪರ್ಮಿಷನ್ ಮಾತ್ರ ಬದಲಾಗಿದೆ. ಇಡೀ ಡೈರೆಕ್ಟರಿಯಲ್ಲಿ ಇಂಥವನ್ನು ಹುಡುಕಲು, ಡೀಮನ್‌ನ ಪಿಡ್ ಫೈಲನ್ನು (ಅದು ಶುರುವಾದಾಗ ಬರೆಯುವ ಫೈಲ್) ಅಳತೆಗೋಲಾಗಿ ಇಟ್ಟುಕೊಂಡು, ಫೈಂಡ್ ಆಜ್ಞೆಗೆ -ಸಿನ್ಯೂಯರ್ ಹೌದು ಮತ್ತು -ನ್ಯೂಯರ್ ಅಲ್ಲ ಎಂಬ ಎರಡು ಷರತ್ತು ಕೊಡಿ. ಡೀಮನ್ ಶುರುವಾದ ಮೇಲೆ ಬಂದು, ಅದಕ್ಕೂ ಮೊದಲಿನ ಸಮಯ ಹೊತ್ತಿರುವ ಫೈಲ್‌ಗಳ ಪಟ್ಟಿ ಸಿಗುತ್ತದೆ. ಎಂಟೈಮ್ ಹೊತ್ತು ತರುವುದು ಆರ್‌ಸಿಂಕ್ -ಎ ಒಂದೇ ಅಲ್ಲ: ಸಿಪಿ -ಪಿ, ಸಿಪಿ -ಎ, ಎಸ್‌ಸಿಪಿ -ಪಿ, ಎಂವಿ, ಟಾರ್‌ನಿಂದ ಬಿಚ್ಚುವುದು, ಡಿಪಿಕೆಜಿಯಿಂದ ಪ್ಯಾಕೇಜ್ ಹಾಕುವುದು ಎಲ್ಲವೂ ಹೀಗೆಯೇ ಮಾಡುತ್ತವೆ. ಟಾರ್‌ಗೆ -ಎಂ ಕೊಟ್ಟರೆ ಬಿಚ್ಚಿದ ಸಮಯ ಬೀಳುತ್ತದೆ. ಶೆಲ್ ಸ್ಕ್ರಿಪ್ಟ್‌ಗಳಲ್ಲಿ ನಾನು ಶಿಫಾರಸು ಮಾಡುವುದು ಇನ್‌ಸ್ಟಾಲ್ ಆಜ್ಞೆಯ ದೊಡ್ಡ -ಸಿ: ಒಳಗಿನದು ಒಂದೇ ಇದ್ದರೆ ಮುಟ್ಟುವುದಿಲ್ಲ, ಬೇರೆ ಇದ್ದರೆ ಈಗಿನ ಸಮಯದೊಂದಿಗೆ ಹಾಕುತ್ತದೆ.

ನಿಮ್ಮ ಸಿಂಕ್ರೊನೈಜ್‌ಗೆ ಹೇಳಿದ ಎರಡು ಸಾಲುಗಳು ಕೂಡಿಯೇ ಇರಬೇಕು. ‘ಟೈಮ್ಸ್: ಫಾಲ್ಸ್’ ಒಂದನ್ನೇ ಕೊಟ್ಟರೆ ಆರ್‌ಸಿಂಕ್ ಎಂಟೈಮ್ ಹೊಂದುವುದಿಲ್ಲವೆಂದು ಪ್ರತಿ ಸಲವೂ ಎಲ್ಲ ಫೈಲ್‌ಗಳನ್ನೂ ಮತ್ತೆ ಬರೆಯುತ್ತದೆ, ಬದಲಾಗದ ಝೋನ್‌ಗಳೂ ರೀಲೋಡ್ ಆಗುತ್ತವೆ. ‘ಚೆಕ್‌ಸಮ್: ಟ್ರೂ’ ಒಂದನ್ನೇ ಕೊಟ್ಟರೆ ಆರ್ಕೈವ್ ವಿಧಾನ ಹಾಗೇ ಉಳಿದು ಹಳೆಯ ಸಮಯ ಬರುತ್ತಲೇ ಇರುತ್ತದೆ. ಎರಡೂ ಇದ್ದಾಗ ನಿಜವಾಗಿ ಬದಲಾದ ಫೈಲ್ ಮಾತ್ರ, ಬಂದ ಕ್ಷಣದ ಎಂಟೈಮ್‌ನೊಂದಿಗೆ ಬರುತ್ತದೆ, ಡೈರೆಕ್ಟರಿಯ ಸಮಯವನ್ನೂ ಯಾರೂ ಹಿಂದಕ್ಕೆ ತಳ್ಳುವುದಿಲ್ಲ. ಕೆಲವರು ಪ್ರತಿ ಓಟದ ಕೊನೆಗೆ ಎಲ್ಲದಕ್ಕೂ ಟಚ್ ಹೊಡೆಯುತ್ತಾರೆ. ಅದು ಬೇಡ. ಏನೂ ಬದಲಾಗದಿದ್ದರೂ ಟಾಸ್ಕ್ ‘ಬದಲಾಗಿದೆ’ ಎನ್ನುತ್ತದೆ, ಹ್ಯಾಂಡ್ಲರ್‌ಗಳು ಸುಮ್ಮನೆ ಓಡುತ್ತವೆ, ನಿಜವಾದ ಬದಲಾವಣೆ ಆ ಗದ್ದಲದಲ್ಲಿ ಕಳೆದುಹೋಗುತ್ತದೆ. ಟೆಂಪ್ಲೇಟ್‌ನ ತಲೆಸಾಲಿನಲ್ಲಿ ದಿನಾಂಕ ಮುದ್ರಿಸುವುದರಿಂದಲೂ ಇದೇ ಹಾನಿ.

ರೀಲೋಡ್ ಆದ ಮೇಲೆ ಪ್ಲೇಬುಕ್‌ನಲ್ಲೇ ಒಂದು ಪರೀಕ್ಷೆ ಇರಲಿ: ಡಿಎನ್‌ಎಸ್ ಪ್ರಶ್ನೆ ಕೇಳುವ ಡಿಗ್ ಆಜ್ಞೆಯ ಮೂಲಕ ಆ ಸರ್ವರ್‌ನ ಎಸ್‌ಒಎ ಸೀರಿಯಲ್ ಕೇಳಿ, ಫೈಲಿನಲ್ಲಿರುವ ಸಂಖ್ಯೆಗೆ ಹೊಂದದಿದ್ದರೆ ಟಾಸ್ಕ್ ಸೋಲಲಿ. ಝೋನ್ ಹೆಸರು ಕೊಟ್ಟೇ ರೀಲೋಡ್ ಮಾಡಿ. ನೇಮ್ಡ್ ರೀಸ್ಟಾರ್ಟ್ ಮಾಡಿದರೆ ಕ್ಯಾಶ್ ಪೂರ್ತಿ ಖಾಲಿಯಾಗುತ್ತದೆ, ಎಲ್ಲ ಝೋನ್‌ಗಳನ್ನೂ ಮತ್ತೆ ಓದುವವರೆಗೆ ಉತ್ತರ ನಿಲ್ಲುತ್ತದೆ. ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ.

ಕೊನೆಯದಾಗಿ, ಹೊಸ ವ್ಯವಸ್ಥೆಗೆ ಹೊರಳುವ ದಿನ ಒಂದು ಕೆಲಸವನ್ನು ಕೈಯಾರೆ ಮಾಡಬೇಕು. ಈಗಾಗಲೇ ಸರ್ವರ್‌ಗಳಲ್ಲಿ ಸರಿಯಾದ ಮಾಹಿತಿ ಮತ್ತು ಹಳೆಯ ಸಮಯ ಹೊತ್ತು ಕುಳಿತ ಫೈಲ್‌ಗಳನ್ನು ಚೆಕ್‌ಸಮ್ ವಿಧಾನ ಮುಟ್ಟುವುದಿಲ್ಲ, ಏಕೆಂದರೆ ಒಳಗಿನದು ಮೊದಲೇ ಹೊಂದುತ್ತದೆ. ಆದ್ದರಿಂದ ಆ ಒಂದು ಸಲ ಮಾತ್ರ, ಆರು ಡಿಎನ್‌ಎಸ್ ಸರ್ವರ್‌ಗಳ ಝೋನ್ ಫೈಲ್‌ಗಳಿಗೆ ಟಚ್ ಕೊಟ್ಟು ಝೋನ್‌ವಾರು ರೀಲೋಡ್ ಮಾಡಿ. ನಲವತ್ತರಲ್ಲೂ ಸ್ಪೂಲ್ ಡೈರೆಕ್ಟರಿಗೂ ಅದರೊಳಗಿನ ಕ್ರಾನ್‌ಟ್ಯಾಬ್‌ಗಳಿಗೂ ಟಚ್ ಕೊಟ್ಟು, ಮುಂದಿನ ನಿಮಿಷದ ಲಾಗ್‌ನಲ್ಲಿ ‘ರೀಲೋಡ್’ ಸಾಲು ಬಂತೇ ಎಂದು ನೋಡಿಕೊಳ್ಳಿ.